ಸೀಟಿನಡಿಯ ಕಬ್ಬಿಣ

ಹಳೆಯ ಅಂಬಾಸಿಡರ್, ಪದ್ಮಿನಿ, ಹೆರಾಲ್ಡ್‌ಗಳಿಗೆ ಬೇರೆ ಕಾರಿನ ಸೀಟು ಕೂರಿಸುವವರು ಅದರ ಅಂದ ನೋಡುತ್ತಾರೆ, ಮೆತ್ತೆ ಒತ್ತಿ ನೋಡುತ್ತಾರೆ. ನೋಡಲೇಬೇಕಾದದ್ದು ಸೀಟಿಗೂ ನೆಲಕ್ಕೂ ನಡುವೆ ಇರುತ್ತದೆ.

ಅಂಬಾಸಿಡರ್‌ನ ಮುಂದಿನ ಸೀಟು ಈ ಬಾಗಿಲಿನಿಂದ ಆ ಬಾಗಿಲಿನವರೆಗೆ ಒಂದೇ. ಹಿಂದೆ ಮುಂದೆ ಸರಿಯುವುದೂ ಒಟ್ಟಿಗೇ. ಡ್ರೈವರ್ ಕುಳ್ಳಗಿದ್ದು ಸೀಟನ್ನು ಮುಂದಕ್ಕೆ ಎಳೆದುಕೊಂಡರೆ ಪಕ್ಕದಲ್ಲಿ ಕೂತ ಎತ್ತರದವರ ಮಂಡಿ ಡ್ಯಾಶ್‌ಬೋರ್ಡಿಗೆ ತಾಗುತ್ತದೆ. ಎತ್ತರದ ಮಗ ಗಾಡಿ ಓಡಿಸಿದರೆ ಪಕ್ಕದ ಅಮ್ಮನ ಕಾಲು ನೆಲಕ್ಕೆ ಊರುವುದಿಲ್ಲ. ಒರಗು ಹಿಂದಕ್ಕೆ ವಾಲುವುದಿಲ್ಲ, ತಲೆಗೆ ಆನಿಕೆ ಇಲ್ಲ, ತಿರುವಿನಲ್ಲಿ ಮೈಯನ್ನು ತಡೆದು ಹಿಡಿಯುವ ಅಂಚೂ ಇಲ್ಲ. ಆದರೂ ಗೇರು ಸ್ಟೀರಿಂಗ್ ಪಕ್ಕದಲ್ಲೇ ಇದ್ದುದರಿಂದ ಮುಂದೆ ಮೂವರು ಕೂರಬಹುದಿತ್ತು. ಮಲೆನಾಡಿನ, ಕರಾವಳಿಯ ಬಾಡಿಗೆ ಕಾರುಗಳಲ್ಲಿ ಮೂರು ನಾಲ್ಕಾಗುತ್ತಿತ್ತು. ಮದುವೆ, ಆಸ್ಪತ್ರೆ, ಜಾತ್ರೆ, ಕಚೇರಿ ಎಲ್ಲಕ್ಕೂ ಈ ಒಂದೇ ಸೀಟು ಸಾಕಾಗಿತ್ತು.

ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಮೂರನೇ ಸರಣಿಯ ಕಾರೇ ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ಆಯಿತು. 1950ರ ದಶಕದ ಕೊನೆಯಲ್ಲಿ ಶುರುವಾದ ತಯಾರಿಕೆ 2014ರ ಮೇ ತಿಂಗಳಲ್ಲಿ ನಿಂತಿತು. ಮುಂಬೈನ ಕುರ್ಲಾದಲ್ಲಿ ಹುಟ್ಟುತ್ತಿದ್ದ ಪ್ರೀಮಿಯರ್ ಪದ್ಮಿನಿ ಅದಕ್ಕೂ ಮೊದಲೇ ನಿಂತಿತ್ತು. ಆ ನಗರದ ಕೊನೆಯ ಪದ್ಮಿನಿ ಟ್ಯಾಕ್ಸಿ 2023ರ ಅಕ್ಟೋಬರ್‌ನಲ್ಲಿ ರಸ್ತೆಯಿಂದ ಇಳಿಯಿತು. ಈಗ ಉಳಿದಿರುವ ಕಾರುಗಳು ಹೆಚ್ಚಾಗಿ ಇಷ್ಟಪಟ್ಟು ಸಾಕುವವರ ಮನೆಗಳಲ್ಲಿವೆ. ಅವರಿಗೆ ಅದನ್ನು ಬರೀ ಶೆಡ್ಡಿನಲ್ಲಿ ನಿಲ್ಲಿಸಿಕೊಳ್ಳುವ ಆಸೆಯಿಲ್ಲ. ಭಾನುವಾರ ಬೆಳಿಗ್ಗೆ ಹೆದ್ದಾರಿಯಲ್ಲಿ ಮೈಸೂರಿಗೆ ಹೋಗಿ ಬರಬೇಕು. ಮಡಿಕೇರಿಯ ತಿರುವುಗಳನ್ನು ಹತ್ತಬೇಕು. ಸೊಂಟ ಹಿಡಿಯಬಾರದು. ಬೇರೆ ಕಾರಿನ ಸೀಟಿನ ಯೋಚನೆ ಹುಟ್ಟುವುದು ಇಲ್ಲಿಯೇ, ಮತ್ತು ಅದು ನ್ಯಾಯವಾದ ಯೋಚನೆಯೇ.

ಸೋತದ್ದು ಸೀಟೋ, ಸ್ಪ್ರಿಂಗೋ?

ಗುಜರಿ ಅಂಗಡಿಗೆ ಹೋಗುವ ಮೊದಲು ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ಈಗ ಕೂರುತ್ತಿರುವುದು ಕಾರ್ಖಾನೆಯಿಂದ ಬಂದ ಸೀಟಿನ ಮೇಲೋ, ಅದರ ಅವಶೇಷದ ಮೇಲೋ? ಆ ಕಾಲದ ಸೀಟು ಎಂದರೆ ಉಕ್ಕಿನ ಚೌಕಟ್ಟು, ಅದರೊಳಗೆ ಸ್ಪ್ರಿಂಗುಗಳ ಸಾಲು, ಮೇಲೆ ನಾರು ಇಲ್ಲವೇ ಹತ್ತಿಯ ಪದರ, ಎಲ್ಲಕ್ಕೂ ಮೇಲೆ ರೆಕ್ಸಿನ್. ನಲವತ್ತು ಐವತ್ತು ವರ್ಷದಲ್ಲಿ ನಾರು ಪುಡಿಯಾಗುತ್ತದೆ, ಡ್ರೈವರ್ ಕೂರುವ ಕಡೆಯ ಸ್ಪ್ರಿಂಗು ಕುಸಿಯುತ್ತದೆ, ಕೆಲವು ತುಂಡಾಗುತ್ತವೆ. ಸೊಂಟ ಒಂದು ಕಡೆಗೆ ವಾಲುತ್ತದೆ. ಅಂಥ ಸೀಟಿನಲ್ಲಿ ಕೂತವರು ಹತ್ತು ವರ್ಷದ ಹಿಂದಿನ ಕಾರಿನ ಸೀಟಿನಲ್ಲಿ ಕೂತು ನೋಡಿ, ಇದೇ ಸ್ವರ್ಗ ಎನ್ನುತ್ತಾರೆ. ಸವೆದದ್ದನ್ನು ಸವೆಯದ್ದರ ಜೊತೆ ಇಟ್ಟು ತೂಗಿದರೆ ತೀರ್ಪು ಬೇರೆಯಾಗಲು ಸಾಧ್ಯವಿಲ್ಲ.

ಹಳೆಯ ಸೀಟಿನ ಸ್ಪ್ರಿಂಗುಗಳಿಗೆ ಅವುಗಳದೇ ಒಂದು ಕೆಲಸವಿತ್ತು. ಅಂಬಾಸಿಡರ್‌ನ ಹಿಂದಿನ ಚಕ್ರಗಳು ಪಟ್ಟೆ ಸ್ಪ್ರಿಂಗುಗಳ ಮೇಲೆ ಕೂತಿವೆ. ಗುಂಡಿ ಬಿದ್ದ ರಸ್ತೆಯ ಒದೆತದಲ್ಲಿ ಚಕ್ರದ ಕಡೆ ಉಳಿದದ್ದನ್ನು ಸೀಟಿನ ಸ್ಪ್ರಿಂಗು ಹೀರಿಕೊಳ್ಳುತ್ತಿತ್ತು. ಗಟ್ಟಿ ಫೋಮಿನ ಸೀಟು ಹಾಗೆ ಮೆಲ್ಲಗೆ ತೂಗುವುದಿಲ್ಲ. ಸ್ಪ್ರಿಂಗು ಬದಲಿಸಿ, ಮೇಲೆ ಹೊಸ ನಾರಿನ ಹಾಸು, ಅದರ ಮೇಲೆ ಗಟ್ಟಿ ಫೋಮು, ಮೈಗೆ ತಾಗುವಲ್ಲಿ ತೆಳು ಫೋಮು ಹಾಕಿಸಿದರೆ ಎಷ್ಟೋ ಹಳೆಯ ಸೀಟುಗಳು ಮತ್ತೆ ಬದುಕುತ್ತವೆ. ಈ ಕೆಲಸ ಬಲ್ಲ ಕುಶನ್ ವರ್ಕ್ಸ್‌ಗಳು ನಮ್ಮ ಸಣ್ಣ ಊರುಗಳಲ್ಲಿ ಇನ್ನೂ ಇವೆ. ಬರೀ ಕುಸಿತವೇ ತೊಂದರೆಯಾಗಿದ್ದರೆ ಅಲ್ಲಿಗೇ ಹೋಗಿ.

ಆದರೆ ರಿಪೇರಿ ಮಾಡಿದ ಸೀಟಿಗೂ ತಲೆಯಾನಿಕೆ ಬರುವುದಿಲ್ಲ. ಹಿಂದಿನಿಂದ ಇನ್ನೊಂದು ಗಾಡಿ ಗುದ್ದಿದಾಗ ಕುತ್ತಿಗೆ ಹಿಂದಕ್ಕೆ ಎಗರದಂತೆ ತಡೆಯುವುದು ಅದೊಂದೇ. ಇಂದಿನ ಹೆದ್ದಾರಿಯ ವೇಗದಲ್ಲಿ ಈ ಕೊರತೆ ಸಣ್ಣದಲ್ಲ. ಪಕ್ಕದವರಿಗೂ ತನಗೂ ಬೇರೆ ಬೇರೆ ಹೊಂದಾಣಿಕೆ ಬೇಕೆನ್ನುವ ಡ್ರೈವರನ ಬಯಕೆಯೂ ಸುಳ್ಳಲ್ಲ. ಬೇರೆ ಸೀಟಿಗೆ ಇವು ಗಟ್ಟಿ ಕಾರಣಗಳು.

ಯಾವ ಕಾರಿನದು?

ಮೊದಲು ನೆನಪಿಗೆ ಬರಬೇಕಾದದ್ದು ಅಂಬಾಸಿಡರ್ ಕಾರ್ಖಾನೆಯೇ ಕೊಟ್ಟ ಉತ್ತರ. 1990ರ ದಶಕದಲ್ಲಿ ಇಸುಜು ಎಂಜಿನ್ನಿನ 1800 ಮಾದರಿ ಬಂದಾಗ ಗೇರು ಸ್ಟೀರಿಂಗಿನಿಂದ ನೆಲಕ್ಕೆ ಇಳಿಯಿತು, ಮುಂದೆ ಒಬ್ಬೊಬ್ಬರಿಗೆ ಒಂದೊಂದರಂತೆ ಎರಡು ಬಕೆಟ್ ಸೀಟುಗಳೂ ಬಂದವು. ಅದೇ ಮೈಕಟ್ಟಿಗೆಂದು, ಅದೇ ಎತ್ತರಕ್ಕೆಂದು ಮಾಡಿದ ಸೀಟು ಅದು. ಗುಜರಿಗೆ ಬಂದ ಅಂಥ ಒಂದು ಕಾರು ಸಿಕ್ಕಿದರೆ ಅರ್ಧ ತಲೆನೋವು ಅಲ್ಲೇ ಕಳೆಯಿತು.

ಅದು ಸಿಗದಿದ್ದರೆ ಬೆಂಗಳೂರಿನವರು ಶಿವಾಜಿನಗರದ ಗುಜರಿ ಸಾಲಿಗೆ, ಜೆ.ಸಿ. ರಸ್ತೆಗೆ ಹೋಗುತ್ತಾರೆ. ಎಸ್ಟೀಮ್, ಝೆನ್, ಸ್ಯಾಂಟ್ರೊ, ಆಕ್ಸೆಂಟ್, ಸಿಟಿ ಎಂದು ಹೆಸರುಗಳು ಕಿವಿಗೆ ಬೀಳುತ್ತವೆ. ಇಲ್ಲಿ ಬೆಲೆಗಿಂತ ಮೊದಲು ಅಳತೆ ಮಾತಾಡಬೇಕು. ಅಂಬಾಸಿಡರ್‌ನ ಅಗಲ ಸುಮಾರು 1.66 ಮೀಟರ್, ಮಾರುತಿ 800ರದು ಸುಮಾರು 1.44. ಸಣ್ಣ ಕಾರಿನ ಸೀಟು ಕಿರಿದು, ತಗ್ಗು. ಅದನ್ನು ಅಂಬಾಸಿಡರ್‌ಗೆ ತಂದರೆ ಕಣ್ಣಿನ ಮಟ್ಟ ಬಾನೆಟ್ಟಿಗಿಂತ ಮೇಲೇಳಲು ಎತ್ತರದ ಸ್ಟ್ಯಾಂಡ್ ಬೇಕು. ಸ್ಟ್ಯಾಂಡ್ ಎತ್ತರವಾದಷ್ಟೂ ಗುದ್ದಿದಾಗ ಅದರ ಬುಡಕ್ಕೆ ಬೀಳುವ ಮುರಿತದ ಬಲ ಹೆಚ್ಚು. ಒಡಲು ಕಿರಿದಾದ ಪದ್ಮಿನಿಗೆ ಅದೇ ಸಣ್ಣ ಸೀಟು ಒಪ್ಪೀತು. ಎರಡು ಬಾಗಿಲಿನ ಸ್ಟ್ಯಾಂಡರ್ಡ್ ಹೆರಾಲ್ಡ್ ಇದ್ದರಂತೂ ಇನ್ನೊಂದು ಷರತ್ತಿದೆ. ಹಿಂದೆ ಕೂರುವವರು ಹತ್ತಿ ಇಳಿಯಲು ಸೀಟು ಮುಂದಕ್ಕೆ ಮಡಚಬೇಕು, ಹಿಂದಕ್ಕೆ ತಂದ ಮೇಲೆ ಗಾಡಿ ಓಡುವಾಗ ತಾನಾಗಿ ಮಡಚಿಕೊಳ್ಳದಂತೆ ಬೀಗ ಬೀಳಬೇಕು. ನಾಲ್ಕು ಬಾಗಿಲಿನ ಕಾರಿನ ಸೀಟು ಅಲ್ಲಿ ಕೆಲಸಕ್ಕೆ ಬಾರದು.

ಇಂಗ್ಲೆಂಡಿನ ಹಳೆ ಕಾರುಗಳ ಪ್ರಿಯರೂ ಇದೇ ದಾರಿಯಲ್ಲಿ ನಡೆದವರು. 1989ರಲ್ಲಿ ಬಂದ ಮಜ್ದಾ ಎಂಎಕ್ಸ್-5ರ ಸೀಟನ್ನು ಎಂಜಿಬಿ, ಮಿನಿಯಂಥ ಕಾರುಗಳಿಗೆ ಕೂರಿಸುವುದು ಅಲ್ಲಿ ಹಳೆಯ ರೂಢಿ. ಕಾರಣ ಸರಳವಾಗಿದೆ. ಅದು ಸಣ್ಣ ಎರಡು ಸೀಟಿನ ಕಾರಿಗೆಂದೇ ಮಾಡಿದ್ದು, ಕಿರಿದಾಗಿದೆ, ತಲೆಯಾನಿಕೆ ಅದರ ಒರಗಿನಲ್ಲೇ ಸೇರಿದೆ. ಮೈಕಟ್ಟು ಒಂದೇ ಬಗೆಯದಾಗಿರುವ ಕಾರಿನಿಂದ ಸೀಟು ಆರಿಸಬೇಕೆಂಬುದಕ್ಕೆ ಅದು ಒಳ್ಳೆಯ ಉದಾಹರಣೆ.

ಬೇಡವೇ ಬೇಡ ಎನ್ನಬೇಕಾದ ಸೀಟುಗಳೂ ಇವೆ. ಪಕ್ಕದಲ್ಲಿ ಏರ್‌ಬ್ಯಾಗ್ ಹೊಲಿದಿರುವ ಸೀಟನ್ನು ಮುಟ್ಟಬಾರದು. ಸೀಟಿನಡಿ ಹಳದಿ ವೈರು, ಹಳದಿ ಕನೆಕ್ಟರ್ ಕಂಡರೆ ಅಲ್ಲಿ ಸಿಡಿಯುವ ಮದ್ದಿದೆ ಎಂದೇ ತಿಳಿಯಬೇಕು. ಅಪಘಾತವಾದ ಕಾರಿನ ಸೀಟಿನಲ್ಲಿ ಕಣ್ಣಿಗೆ ಕಾಣದ ಬಾಗು ಇರುತ್ತದೆ. ಅದನ್ನು ಸಮತಟ್ಟಾದ ನೆಲದ ಮೇಲಿಟ್ಟು ನಾಲ್ಕೂ ಮೂಲೆ ಊರುತ್ತದೆಯೇ, ಸೀಟು ಸರಿಯುವ ಹಳಿಗಳಾದ ಎರಡೂ ರನ್ನರ್ ಒಟ್ಟಿಗೇ ಜಾರಿ ಒಟ್ಟಿಗೇ ಕಚ್ಚಿಕೊಳ್ಳುತ್ತವೆಯೇ ನೋಡಬೇಕು. ಬೆಂಗಳೂರಿನಲ್ಲಿ 2022ರ ಸೆಪ್ಟೆಂಬರ್ ಮಳೆಗೆ ಬಡಾವಣೆಗಳು ಮುಳುಗಿದಾಗ ನಿಂತಲ್ಲೇ ನೀರು ಕುಡಿದ ಕಾರುಗಳು ಎಷ್ಟೋ. ಅಂಥ ಕಾರಿನ ಸೀಟು ಮೇಲೆ ಒಣಗಿ ಹೊಳೆಯುತ್ತಿದ್ದರೂ ಫೋಮಿನ ಒಳಗೆ ವಾಸನೆ, ರನ್ನರಿನ ಒಳಗೆ ತುಕ್ಕು ಉಳಿದಿರುತ್ತದೆ. ಇನ್ನು, ಬಿಲ್ಲು ಕೊಡದ ಅಂಗಡಿಯಲ್ಲಿ ಸೀಟು ಕೊಳ್ಳಬೇಡಿ. ಅದು ಯಾರ ಕಾರಿನಿಂದ ಬಂತು ಎಂಬ ಪ್ರಶ್ನೆಗೆ ನಿಮ್ಮ ಬಳಿ ಉತ್ತರ ಇರಬೇಕು.

ಮೊದಲು ಕೂತು ನೋಡಿ, ಆಮೇಲೆ ತೂತು

ಡ್ರಿಲ್ ಮುಟ್ಟುವ ಮೊದಲು ಹಳೆಯ ಸೀಟು ಬಿಚ್ಚಿ, ಹೊಸದನ್ನು ಮರದ ತುಂಡುಗಳ ಮೇಲಿಟ್ಟು ಕೂತು ನೋಡಬೇಕು. ಖಾಲಿ ಸೀಟಿನ ಎತ್ತರ ಅಳೆದು ಪ್ರಯೋಜನವಿಲ್ಲ, ಮೈ ಇಳಿದ ಮೇಲಿನ ಎತ್ತರ ಬೇಕು. ಕ್ಲಚ್ಚನ್ನು ಪೂರ್ತಿ ಒತ್ತಿದಾಗ ತೊಡೆ ಸ್ಟೀರಿಂಗಿಗೆ ಉಜ್ಜುತ್ತದೆಯೇ? ಹಳೆಯ ಕಾರಿನ ಸ್ಟೀರಿಂಗ್ ದೊಡ್ಡದು, ಇಂದಿನ ಕಾರಿಗಿಂತ ಹೆಚ್ಚು ಮಲಗಿಕೊಂಡಿರುತ್ತದೆ. ತಲೆಗೂ ಛಾವಣಿಗೂ ನಡುವೆ ಎಷ್ಟು ಜಾಗ ಉಳಿಯಿತು? ಒಳಗಿನ ಕನ್ನಡಿಯಲ್ಲಿ ಹಿಂದಿನ ಗಾಜು ಕಾಣುತ್ತದೆಯೇ, ಇಲ್ಲ ಎರಡು ತಲೆಯಾನಿಕೆಗಳೇ ಕಾಣುತ್ತವೆಯೇ? ಹ್ಯಾಂಡ್‌ಬ್ರೇಕಿಗೆ ಕೈ ಸಲೀಸಾಗಿ ಹೋಗುತ್ತದೆಯೇ? ಬಾಗಿಲು ಮುಚ್ಚುವಾಗ ವಾಲಿಸುವ ಹಿಡಿ ಅದಕ್ಕೆ ತಾಗುತ್ತದೆಯೇ?

ಇಲ್ಲಿ ಒಂದು ಸೂಕ್ಷ್ಮವಿದೆ. ಉದ್ದನೆಯ ಸೀಟಿನಲ್ಲಿ ಡ್ರೈವರ್ ತನಗೆ ಬೇಕಾದ ಕಡೆ ಸ್ವಲ್ಪ ಸರಿದು ಕೂರಬಹುದಿತ್ತು. ಸ್ಟೀರಿಂಗಿಗೆ, ಪೆಡಲಿಗೆ ಮೈ ತಾನೇ ಹೊಂದಿಕೊಳ್ಳುತ್ತಿತ್ತು. ಬಕೆಟ್ ಸೀಟು ಆ ಸ್ವಾತಂತ್ರ್ಯ ಕೊಡುವುದಿಲ್ಲ. ಅದು ಎಲ್ಲಿ ಕೂರಿಸುತ್ತದೋ ಅಲ್ಲೇ ಕೂರಬೇಕು. ಆದ್ದರಿಂದ ಸೀಟಿನ ನಡುಗೆರೆ ಸ್ಟೀರಿಂಗಿನ ನಡುಗೆರೆಗೆ ಸರಿ ಬರಬೇಕು. ಎರಡು ಬೆರಳು ಅತ್ತಿತ್ತ ಆದರೂ ನೂರು ಕಿಲೋಮೀಟರ್ ಮುಗಿಯುವ ಹೊತ್ತಿಗೆ ಬೆನ್ನು ತಿರುಚಿಕೊಂಡಿರುತ್ತದೆ. ಸೊಂಟ ನೋವು ಹೋಗಲೆಂದು ಹಾಕಿಸಿದ ಸೀಟೇ ಹೊಸ ನೋವು ತರುವುದು ಹೀಗೆ.

ಹಿಂದಿನವರನ್ನೂ ಮರೆಯಬಾರದು. ಈಗಿನ ಸೀಟಿನ ಒರಗು ದಪ್ಪ. ಅಂಬಾಸಿಡರ್ ಹೆಸರು ಗಳಿಸಿದ್ದೇ ಹಿಂದಿನ ಸೀಟಿನಲ್ಲಿ ಕಾಲು ಚಾಚುವ ಜಾಗದಿಂದ. ಮುಂದಿನವರ ಸುಖಕ್ಕಾಗಿ ಆ ಜಾಗವನ್ನು ಬಲಿ ಕೊಟ್ಟರೆ ಕಾರಿನ ಗುಣವೇ ಹೋಯಿತು. ಹೊಸ ಸ್ಟ್ಯಾಂಡು ಸೀಟಿನಡಿಯ ಜಾಗವನ್ನು ಮುಚ್ಚಿಬಿಟ್ಟರೆ ಹಿಂದೆ ಕೂತ ಹಿರಿಯರು ಪಾದ ಎಲ್ಲಿಡಬೇಕು?

ನೆಲ ಹೊರಬೇಕಾದ ಭಾರ

ಇನ್ನು ಈ ಕೆಲಸದ ಎದೆಯಂಥ ಭಾಗಕ್ಕೆ ಬರೋಣ. ಗಂಟೆಗೆ 50 ಕಿ.ಮೀ. ವೇಗದ ಕಾರು ಏನಕ್ಕೋ ಗುದ್ದಿ, ಮುಂಭಾಗ ಮುದುಡಿ, ಅರ್ಧ ಮೀಟರಿನೊಳಗೆ ನಿಂತಿತು ಎಂದುಕೊಳ್ಳಿ. ಲೆಕ್ಕ ಹಾಕಿದರೆ ಒಳಗಿರುವವರ ಮೇಲೆ ಬೀಳುವ ಸರಾಸರಿ ಬಲ ಗುರುತ್ವದ (ಜಿ) ಸುಮಾರು ಇಪ್ಪತ್ತು ಪಟ್ಟು. 70 ಕಿಲೋ ಮನುಷ್ಯ ಆ ಕ್ಷಣ ಸುಮಾರು 1,400 ಕಿಲೋ ಆಗುತ್ತಾನೆ. 15 ಕಿಲೋ ಸೀಟು 300 ಕಿಲೋ ಆಗುತ್ತದೆ. ಯುರೋಪಿನ ನಿಯಮಗಳು ಸೀಟಿನ ಬಲವನ್ನು ಈ 20 ಜಿ ಮಟ್ಟದಲ್ಲೇ ಪರೀಕ್ಷಿಸುತ್ತವೆ. ಬೆಲ್ಟಿನ ಗೂಟಗಳ ಪರೀಕ್ಷೆಯಲ್ಲಿ ಎದೆಯ ಪಟ್ಟಿಗೂ ಸೊಂಟದ ಪಟ್ಟಿಗೂ ತಲಾ 13,500 ನ್ಯೂಟನ್, ಅಂದರೆ ಸುಮಾರು 1,375 ಕಿಲೋ ಭಾರ ಹಾಕಿ ಎಳೆಯುತ್ತಾರೆ.

ಹಳೆಯ ಅಂಬಾಸಿಡರ್‌ನ ನೆಲದ ತಗಡು ಇಷ್ಟಕ್ಕೆಂದು ಹುಟ್ಟಿದ್ದಲ್ಲ. ಆಗ ಬೆಲ್ಟೇ ಇರಲಿಲ್ಲ. ಮುಂದಿನ ಸೀಟಿಗೆ ಬೆಲ್ಟು ಕಡ್ಡಾಯವಾದದ್ದು 1994ರಿಂದ ತಯಾರಾದ ಕಾರುಗಳಿಗೆ. ಅದಕ್ಕೂ ಹಿಂದಿನ ಕಾರಿನಲ್ಲಿ ಸೀಟಿನ ಬೋಲ್ಟು ಸೀಟನ್ನು ಮಾತ್ರ ಹಿಡಿದಿದ್ದರೆ ಸಾಕಿತ್ತು. ಈಗಿನ ಎಷ್ಟೋ ಸೀಟುಗಳಲ್ಲಿ ಬೆಲ್ಟಿನ ಬಕಲ್ ಸೀಟಿನ ಚೌಕಟ್ಟಿಗೇ ಕಟ್ಟಿರುತ್ತದೆ. ಆ ಬಕಲ್ ಬಳಸಿದ ಕ್ಷಣ ಸೀಟಿನ ಭಾರದ ಜೊತೆಗೆ ಮನುಷ್ಯನ ಭಾರವೂ ರನ್ನರಿನ ಮೂಲಕ ಅದೇ ತಗಡಿಗೆ ಇಳಿಯುತ್ತದೆ. ಇದನ್ನು ತಿಳಿಯದೆ ಸೀಟು ಕೂರಿಸಿದವರು ಬೆಲ್ಟು ಹಾಕಿಕೊಂಡು, ಕಾಪಾಡುತ್ತದೆ ಎಂದು ನಂಬಿ ಕೂತಿರುತ್ತಾರೆ. ನನಗೆ ಭಯ ಹುಟ್ಟಿಸುವುದು ಈ ನಂಬಿಕೆ.

ತಗಡಿನ ಸ್ಥಿತಿ ಮೊದಲು ತಿಳಿಯಬೇಕು. ಮಂಗಳೂರು, ಉಡುಪಿಯ ಉಪ್ಪುಗಾಳಿಯಲ್ಲಿ, ಮಲೆನಾಡಿನ ಮಳೆಯಲ್ಲಿ ಬಾಳಿದ ಕಾರಿನ ನೆಲ ರಬ್ಬರ್ ಮ್ಯಾಟಿನಡಿಯಲ್ಲಿ ಒಳಗೊಳಗೇ ಕೊಳೆಯುತ್ತದೆ. ಮೇಲೆ ಬಣ್ಣ ಇರುತ್ತದೆ, ಸ್ಕ್ರೂಡ್ರೈವರ್ ಒತ್ತಿದರೆ ಒಳಗೆ ಇಳಿಯುತ್ತದೆ. ಅಂಬಾಸಿಡರ್‌ಗೆ ಬೇರೆ ಚಾಸಿಸ್ ಇಲ್ಲ. ಮೈಯೇ ಅದರ ಬೆನ್ನೆಲುಬು. ಮೊದಲು ಟಿಂಕರಿಂಗ್ ಮಾಡಿಸಿ ನೆಲ ಸರಿಪಡಿಸಬೇಕು, ಸೀಟಿನ ಮಾತು ಆಮೇಲೆ.

ಬ್ರ್ಯಾಕೆಟ್ ಎಂಬ ಮಧ್ಯಸ್ಥ

ಎರಡು ಮನೆತನಗಳ ನಡುವೆ ಮಾತು ಕೂಡಿಸುವ ಹಿರಿಯರಂತೆ ಬ್ರ್ಯಾಕೆಟ್ಟು ಇಬ್ಬರ ಗುಣವನ್ನೂ ಬಲ್ಲದ್ದಾಗಿರಬೇಕು. ಮೇಲೆ ಹೊಸ ಸೀಟಿನ ನಾಲ್ಕು ತೂತು, ಕೆಳಗೆ ಹಳೆಯ ಕಾರಿನ ನಾಲ್ಕು ತೂತು. ಇವೆರಡೂ ಹೊಂದಿದ ದಾಖಲೆ ತೀರಾ ಕಡಿಮೆ. ಅನೇಕ ಕಾರುಗಳಲ್ಲಿ ಸೀಟಿನ ಹೊರಗಿನ ರನ್ನರ್ ಒಂದು ಎತ್ತರಕ್ಕೆ, ಒಳಗಿನ ರನ್ನರ್ ಇನ್ನೊಂದು ಎತ್ತರಕ್ಕೆ ಕೂತಿರುತ್ತದೆ. ಅಂಬಾಸಿಡರ್‌ನಲ್ಲಿ ಹಿಂದಿನ ಚಕ್ರಗಳಿಗೆ ಹೋಗುವ ಶಾಫ್ಟಿಗಾಗಿ ನೆಲದ ನಡುವೆ ದಿಣ್ಣೆ ಎದ್ದಿದೆ. ಈ ಏರುತಗ್ಗನ್ನೆಲ್ಲ ಬ್ರ್ಯಾಕೆಟ್ಟೇ ಸರಿದೂಗಿಸಬೇಕು.

ಕೆಟ್ಟ ಕೆಲಸದ ಗುರುತುಗಳು ಎಲ್ಲ ಊರಲ್ಲೂ ಒಂದೇ. ಎತ್ತರ ಸಾಲದೆ ಹೋದರೆ ವಾಷರ್ ಮೇಲೆ ವಾಷರ್ ಪೇರಿಸಿ ಉದ್ದನೆಯ ಬೋಲ್ಟು ಹಾಕುವುದು ಒಂದು. ಅಂಥ ಬೋಲ್ಟು ಗುದ್ದಿದಾಗ ಬಾಗುತ್ತದೆ. ಕಪಾಟು ಮಾಡುವ ತೂತುಗಳ ಆಂಗಲ್ ತುಂಡಿನ ಮೇಲೆ ಸೀಟು ನಿಲ್ಲಿಸುವುದು ಇನ್ನೊಂದು. ಸೀಟಿನ ರನ್ನರಿಗೇ ವೆಲ್ಡಿಂಗ್ ಮಾಡುವುದು ಎಲ್ಲಕ್ಕಿಂತ ಅಪಾಯ. ಅದರ ಉಕ್ಕಿನ ಹದ ಬೆಂಕಿ ತಾಗಿದಲ್ಲಿ ಕೆಡುತ್ತದೆ.

ಒಳ್ಳೆಯ ಬ್ರ್ಯಾಕೆಟ್ಟು ದಪ್ಪ ಉಕ್ಕಿನದು, ತಗ್ಗಾಗಿರುತ್ತದೆ, ಎಡದಿಂದ ಬಲಕ್ಕೆ ಅಡ್ಡಪಟ್ಟಿ ಇದ್ದು ಒಂದೇ ಚೌಕಟ್ಟಾಗಿರುತ್ತದೆ. ಸೀಟಿಗೂ ಅದಕ್ಕೂ ಬೋಲ್ಟು, ನೆಲಕ್ಕೂ ಅದಕ್ಕೂ ಬೋಲ್ಟು. ತಲೆಯ ಮೇಲೆ 8.8 ಎಂದು ಅಚ್ಚಾದ ಬೋಲ್ಟು ಕೇಳಿ ತರಿಸಿ. ಅಂಥದ್ದು ಒಂದು ಅಂಗಡಿಯಲ್ಲಿ ಸಿಗದಿದ್ದರೆ ಇನ್ನೊಂದರಲ್ಲಿ ಸಿಗುತ್ತದೆ. ಆದರೆ ಬೋಲ್ಟು ಎಷ್ಟೇ ಗಟ್ಟಿ ಇದ್ದರೂ ಸಣ್ಣ ವಾಷರ್ ತೆಳು ತಗಡನ್ನು ಹರಿದುಕೊಂಡು ಮೇಲೆ ಬರಬಹುದು. ಅದಕ್ಕೆ ಕಾರಿನ ತಳದಲ್ಲಿ 3 ಮಿ.ಮೀ. ದಪ್ಪದ, ಅಂಗೈ ಅಗಲದ, ಮೂಲೆ ಉರುಟು ಮಾಡಿದ ಪ್ಲೇಟು ಕೊಟ್ಟು ಭಾರ ಹರಡಬೇಕು. ಬಕಲ್ ಸೀಟಿಗೆ ಕಟ್ಟಿದ್ದರೆ ಅದನ್ನು ಬಿಚ್ಚಿ, ಬೆಲ್ಟಿನ ಗೂಟಗಳನ್ನು ಬಲಪಡಿಸಿದ ಮೈಗೇ ಕೊಡುವುದು ಲೇಸು. ತೂತು ಕೊರೆಯುವ ಮೊದಲು ಒಬ್ಬರು ಕೆಳಗೆ ಮಲಗಿ ಬ್ರೇಕ್ ಪೈಪು, ಪೆಟ್ರೋಲ್ ಪೈಪು, ವೈರು ಎಲ್ಲಿ ಹೋಗಿವೆ ಎಂದು ನೋಡಲೇಬೇಕು. ಸೀಟಿನ ಮುಂದಂಚು ಹಿಂದಿಗಿಂತ ತುಸು ಎತ್ತರವಿರಲಿ. ಚಪ್ಪಟೆಯಾಗಿ ಕೂರಿಸಿದರೆ ಗುದ್ದಿದಾಗ ಮೈ ಸೊಂಟದ ಪಟ್ಟಿಯಡಿ ಜಾರಿ, ಪಟ್ಟಿ ಮೂಳೆ ಬಿಟ್ಟು ಹೊಟ್ಟೆಯ ಮೇಲೆ ಬರುತ್ತದೆ.

ಸಾಧ್ಯವಾದಲ್ಲೆಲ್ಲ ಕಾರಿನ ಹಳೆಯ ತೂತುಗಳನ್ನೇ ಬಳಸಿ. ಕಾರಿನ ಮೈಗೆ ಗ್ರೈಂಡರ್ ತಾಗಬಾರದು. ಹೊಂದಿಕೊಳ್ಳಬೇಕಾದದ್ದು ಬ್ರ್ಯಾಕೆಟ್ಟು, ಕಾರಲ್ಲ.

ಕಾಗದ ಹೇಳುವುದು

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವಂತೆ ಮಾಲೀಕರು ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮತ್ತೆ ಎತ್ತಿ ಹೇಳಿತು. ಎಷ್ಟು ಜನ ಕೂರಬಹುದು ಎಂಬುದೂ ಆರ್‌ಸಿಯಲ್ಲಿ ನಮೂದಾಗುವ ವಿವರ. ಅಲ್ಲಿ ಐದು ಎಂದಿದ್ದರೆ ಮುಂದೆ ಎರಡು, ಹಿಂದೆ ಮೂರು, ಲೆಕ್ಕ ಸರಿಹೋಗುತ್ತದೆ. ಆರು ಎಂದಿದ್ದರೆ ಉದ್ದನೆಯ ಸೀಟು ತೆಗೆದಾಗ ಒಂದು ಕಡಿಮೆಯಾಯಿತು. ಎಫ್‌ಸಿಗೆ ನಿಲ್ಲಿಸಿದಾಗ ಇದು ಪ್ರಶ್ನೆಯಾಗಬಹುದು, ಆದ್ದರಿಂದ ಕೆಲಸಕ್ಕೆ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಮೇಲು.

2021ರ ಜುಲೈನಲ್ಲಿ ಬಂದ ನಿಯಮ ಇನ್ನೊಂದು ಬಾಗಿಲು ತೆರೆದಿದೆ. ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಗೆ ವಿಂಟೇಜ್ ಮಾನ್ಯತೆ, ‘ವಿಎ’ ಅಕ್ಷರಗಳ ನಂಬರ್ ಪ್ಲೇಟ್ ಸಿಗುತ್ತದೆ. ಆದರೆ ಗಾಡಿ ಮೂಲರೂಪದಲ್ಲಿರಬೇಕು. ಚಾಸಿಸ್, ಮೈಯ ಕವಚ, ಎಂಜಿನ್‌ಗಳಲ್ಲಿ ಮಾರ್ಪಾಡು ಆಗಿರಬಾರದು. ಸೀಟಿಗಾಗಿ ನೆಲ ಕತ್ತರಿಸಿ ವೆಲ್ಡ್ ಮಾಡಿದರೆ ಕೈ ಹಾಕಿದ್ದು ಆ ಕವಚಕ್ಕೇ. ಇಂದು ನಲವತ್ತೈದು ವರ್ಷದ ಕಾರು ಇಟ್ಟುಕೊಂಡವರು ಐದು ವರ್ಷ ಮುಂದಿನದನ್ನು ಈಗಲೇ ಯೋಚಿಸಬೇಕು.

ಜಗತ್ತಿನ ಹಳೆಯ ವಾಹನಗಳ ಒಕ್ಕೂಟ ಫಿವಾ ಹೊರತಂದ ಟ್ಯೂರಿನ್ ಸನ್ನದಿನ ನಿಲುವೂ ಇದೇ. ಬದಲಾವಣೆ ಅನಿವಾರ್ಯವಾದರೆ ಅದು ಕಣ್ಣಿಗೆ ಹೊಡೆಯದಂತಿರಬೇಕು, ಹಿಂದಕ್ಕೆ ತಿರುಗಿಸುವಂತಿರಬೇಕು, ತೆಗೆದ ಭಾಗಗಳನ್ನು ಜೋಪಾನ ಮಾಡಬೇಕು.

ತೆಗೆದ ಸೀಟು ಎಲ್ಲಿ?

ಹೊಸ ಸೀಟು ಒಳಗೆ ಬಂದ ಮೇಲೆ ಹಿಂಬದಿಯ ಸೀಟಿಗೂ ಅದಕ್ಕೂ ಹೊಂದಿಕೆ ಬರಬೇಕು. ಕೈಗುಣವಿರುವ ಕುಶನ್ ಕೆಲಸಗಾರರು ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಪಟ್ಟೆಗಳ ಅಗಲ ಅಳೆದು, ಅಂಚಿನ ಪೈಪಿಂಗ್ ದಪ್ಪ ನೋಡಿ, ಅದೇ ಸಾಲುಗಳನ್ನು ಹೊಸ ಸೀಟಿಗೆ ಇಳಿಸುತ್ತಾರೆ. ಹೊಳೆಯುವ ಕಪ್ಪು ಬಟ್ಟೆಯ ಸೀಟು ದಂತಬಣ್ಣದ ಡ್ಯಾಶ್‌ಬೋರ್ಡಿನ ಮುಂದೆ ಪರಕೀಯವಾಗಿ ಕಾಣುತ್ತದೆ. ಅದೇ ಸೀಟು ಹಳೆಯ ಬಣ್ಣದ ರೆಕ್ಸಿನ್ ಹೊದ್ದರೆ ಮನೆಯವರಂತಾಗುತ್ತದೆ. ಈ ಕೆಲಸಕ್ಕೆ ಕೊಡುವ ಕೂಲಿಯಲ್ಲಿ ಚೌಕಾಸಿ ಬೇಡ.

ಇಷ್ಟೆಲ್ಲ ಆದ ಮೇಲೆ ಹಳೆಯ ಸೀಟನ್ನು ಗ್ಯಾರೇಜಿನಲ್ಲೇ ಬಿಟ್ಟು ಬರುವುದನ್ನು ಕಂಡಾಗ ನನಗೆ ತಡೆಯಲಾಗದ ಸಂಕಟ. ಆ ಸೀಟು ಮತ್ತೆ ಎಲ್ಲೂ ತಯಾರಾಗುವುದಿಲ್ಲ. ಶ್ರೀರಂಗಪಟ್ಟಣದ ಬಳಿ ಧರ್ಮಸ್ಥಳದವರು ಕಟ್ಟಿರುವ ‘ಪಯಣ’ ಸಂಗ್ರಹಾಲಯದಂಥ ಕಡೆ ಹೋದಾಗ ಕಾರಿನ ಮೂತಿ, ದೀಪ ನೋಡಿ ಮುಂದೆ ಸಾಗಬೇಡಿ. ಕಿಟಕಿಯಲ್ಲಿ ಬಗ್ಗಿ ಸೀಟು ನೋಡಿ. ಒಂದು ಕಾಲದ ಜನ ಹೇಗೆ ಕೂರುತ್ತಿದ್ದರು, ಎಷ್ಟು ಒತ್ತಾಗಿ ಕೂರುತ್ತಿದ್ದರು, ಯಾರ ಪಕ್ಕ ಯಾರು ಕೂರಬಹುದಿತ್ತು ಎಂಬುದು ಅಲ್ಲಿ ಇದೆ. ನಿಮ್ಮ ಕಾರಿನ ಸೀಟೂ ಅಂಥದೇ ದಾಖಲೆ. ಅದನ್ನು ಒಣಗಿಸಿ, ಹತ್ತಿ ಬಟ್ಟೆ ಸುತ್ತಿ, ಅಟ್ಟದ ಮೇಲಿಡಿ. ಪ್ಲಾಸ್ಟಿಕ್ ಸುತ್ತಿದರೆ ಒಳಗೆ ತೇವ ನಿಂತು ಸ್ಪ್ರಿಂಗು ತುಕ್ಕು ಹಿಡಿಯುತ್ತದೆ. ಅದರ ಬೋಲ್ಟುಗಳನ್ನು ಚೀಲದಲ್ಲಿ ಹಾಕಿ ಸೀಟಿಗೇ ಕಟ್ಟಿಡಿ. ಬ್ರ್ಯಾಕೆಟ್ಟಿನ ಅಳತೆ, ಫೋಟೊ, ಗುಜರಿಯ ಬಿಲ್ಲು ಎಲ್ಲವೂ ಆರ್‌ಸಿ ಜೊತೆ ಒಂದೇ ಕಡತದಲ್ಲಿರಲಿ.

ಒಳ್ಳೆಯ ಕೆಲಸಕ್ಕೆ ಎರಡು ಪರೀಕ್ಷೆಗಳಿವೆ. ಗುದ್ದಿದಾಗ ಸೀಟು ಕದಲಬಾರದು. ಮುಂದೆ ಈ ಕಾರು ಯಾರ ಕೈ ಸೇರುತ್ತದೋ ಅವರು ಬರೀ ಸ್ಪ್ಯಾನರ್ ಹಿಡಿದು ಹಳೆಯ ಸೀಟನ್ನು ಮತ್ತೆ ಕೂರಿಸುವಂತಿರಬೇಕು. ಈ ಎರಡನ್ನೂ ಗೆಲ್ಲಿಸುವುದು ಆ ಕಾಣದ ಕಬ್ಬಿಣ. ಮುಂದಿನ ಸಲ ಯಾರಾದರೂ ತಮ್ಮ ಅಂಬಾಸಿಡರ್‌ನ ಬಾಗಿಲು ತೆರೆದು ಹೊಸ ಸೀಟು ತೋರಿಸಿದರೆ, ಇದು ಯಾವ ಕಾರಿನದು ಎಂದು ಕೇಳಿ ಸುಮ್ಮನಾಗಬೇಡಿ. ಇದನ್ನು ನೆಲಕ್ಕೆ ಹಿಡಿದಿರುವುದು ಏನು ಎಂದೂ ಕೇಳಿ, ಕೈ ಹಾಕಿ ತಡವಿ ನೋಡಿ.